ಬೆಕ್ಕಿನ ಕಾಲಲ್ಲಿರುವ ಮೀಸೆಗೆ ಏನಂತೀರಿ?

ಗೆಳೆಯರಿಗೆ ನಮಸ್ಕಾರ. ಒಂದು ಪದ ಬೇಕಾಗಿದೆ.

ಬೆಕ್ಕಿನ ಮುಂಗಾಲಿನ ಹಿಂಬದಿ ನೋಡಿ. ಪಾದಕ್ಕಿಂತ ಸ್ವಲ್ಪ ಮೇಲೆ ಕೆಲವು ಉದ್ದನೆಯ, ಬಿರುಸಾದ ಕೂದಲು ಇರುತ್ತವೆ. ಹುಬ್ಬಿನ ಜಾಗದಲ್ಲೂ ಇವೆ, ಕೆನ್ನೆಯಲ್ಲೂ ಇವೆ. ಮೂತಿಯ ಮೀಸೆ ಮಾಡುವಂಥ ಕೆಲಸವನ್ನೇ ಇವೂ ಮಾಡುತ್ತವೆ. ಮೂತಿಯದನ್ನು ಮೀಸೆ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಕಾಲಿನದನ್ನೂ ಮೀಸೆ ಅಂತ ಹೇಗೆ ಕರೆಯೋದು? ಎಲ್ಲವನ್ನೂ ಸೇರಿಸಿ ಹೇಳುವ ಮಾತು ನಿಮ್ಮ ಕಡೆ ಇದೆಯಾ?

ಮಕ್ಕಳಿಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ, ಅದಕ್ಕೆ ಬೇಕು. ನಮ್ಮ ಗುಳೇದಗುಡ್ಡದಲ್ಲಿ ನೇಕಾರರ ಮನೆಗೆ ಇಲಿ ಹೊಕ್ಕರೆ ನೂಲು ಉಳಿಯುವುದಿಲ್ಲ, ಅದಕ್ಕೇ ಬೆಕ್ಕು ಸಾಕುತ್ತಾರೆ. ಮಗ್ಗದ ಕುಣಿಯ, ಅಂದರೆ ನೇಕಾರರು ಕಾಲು ಇಳಿಬಿಡುವ ಗುಂಡಿಯ, ಕತ್ತಲಲ್ಲೂ ಅದು ಇಲಿ ಹಿಡಿಯುವುದನ್ನು ಹುಡುಗರು ನೋಡಿರುತ್ತಾರೆ. ಅದೇ ಹುಡುಗರು ಕತ್ತರಿ ಕೈಗೆ ಸಿಕ್ಕರೆ ಮರಿಯ ಮೀಸೆ ಕತ್ತರಿಸಿಬಿಡುತ್ತಾರೆ. ಬೈದರೆ, "ಮೀಸಿ ಅಲ್ಲೇನ್ರೀ, ನಮ್ಮಪ್ಪಾನೂ ಬೋಳಸ್ತಾನ" ಅನ್ನುತ್ತಾರೆ. ಅವರನ್ನು ದೂರಿ ಏನು ಮಾಡೋದು? ನಮ್ಮ ಮಾತಲ್ಲಿ ಮೀಸೆ ಅಂದರೆ ಗತ್ತು. ಹುರಿಮೀಸೆ, ಮೀಸೆ ತಿರುವುವುದು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು, ಎಲ್ಲ ಗಂಡಸಿನ ಸುತ್ತಲೇ. ಹೆಣ್ಣು ಬೆಕ್ಕಿಗೂ ಅಷ್ಟೇ ಮೀಸೆ ಇರುತ್ತದೆ ಅಲ್ವಾ.

ಬೆಕ್ಕಿನ ಮೂತಿಯ ಒಂದೊಂದು ಬದಿಗೆ ಸುಮಾರು 12 ಮೀಸೆಕೂದಲು, ನಾಲ್ಕು ಸಾಲಿನಲ್ಲಿ. ಬೇರು ಮೈಕೂದಲಿಗಿಂತ ತುಂಬಾ ಆಳ. ಬೇರಿನ ಸುತ್ತ ರಕ್ತ ತುಂಬಿದ ಪುಟ್ಟ ಚೀಲ, ನರಗಳ ತುದಿಗಳು. ಕೂದಲಿಗೆ ನೋವು ಗೊತ್ತಾಗುವುದಿಲ್ಲ, ಆದರೆ ತುದಿ ಒಂಚೂರು ಬಾಗಿದರೂ ಬೇರಿಗೆ ಗೊತ್ತಾಗುತ್ತದೆ. ಗಾಳಿ ಅಲುಗಿದರೂ ಸಾಕು. ಬೆಕ್ಕಿನ ಕಣ್ಣು ದೂರಕ್ಕೆ ಚುರುಕು, ಮೂಗಿನ ಹತ್ತಿರ ಮಸುಕು. ಇಲಿಯನ್ನು ಬಾಯಲ್ಲಿ ಕಚ್ಚಿದಾಗ ಆ ಇಲಿಯೇ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಆಗ ಮೀಸೆ ಮುಂದಕ್ಕೆ ಬಾಗಿ ಇಲಿಯ ಮೈಯನ್ನು ಸುತ್ತುವರಿಯುತ್ತದೆ. ಇನ್ನೂ ಮಿಸುಕುತ್ತಿದೆಯಾ, ಎತ್ತ ಹೊರಳುತ್ತಿದೆ ಅಂತ ಅದರಿಂದ ತಿಳಿಯುತ್ತದೆ. ಪಂಜದಲ್ಲಿ ಅದುಮಿಟ್ಟ ಇಲಿ ಕೊಸರಿದರೆ ಕಾಲಿನ ಕೂದಲು ಸುದ್ದಿ ಮುಟ್ಟಿಸುತ್ತದೆ. ಕತ್ತರಿಸಿದ ಮೀಸೆ ಮತ್ತೆ ಬೆಳೆಯುತ್ತದೆ, ನಿಜ. ಬೆಳೆಯುವ ತನಕ ಮರಿಗೆ ಕತ್ತಲಲ್ಲಿ ಅಂದಾಜು ಸಿಗದೆ ಒದ್ದಾಟ.

ಈಗ ಪದಕ್ಕೆ ಬರೋಣ. 'ಸ್ಪರ್ಶರೋಮ' ಅಂತ ಬರೆಯಬಹುದು, ಆದರೆ ಚಿಕ್ಕ ಮಕ್ಕಳ ಬಾಯಿಗೆ ಅದು ಹತ್ತುವುದಿಲ್ಲ. 'ಮುಟ್ಟುಗೂದಲು' ಅಂದರೆ ಮುಟ್ಟಿನ ಇನ್ನೊಂದು ಅರ್ಥವೇ ಮೊದಲು ಬರುತ್ತದೆ. 'ಸೋಂಕುಗೂದಲು' ನನಗೆ ತುಂಬಾ ಇಷ್ಟವಿತ್ತು, ಯಾಕಂದರೆ ಸೋಂಕು ಅಂದರೆ ತಾಗುವುದು. ಕೊರೊನಾ ಬಂದಮೇಲೆ ಆ ಮಾತು ಪೂರ್ತಿ ರೋಗದ ಪಾಲಾಯಿತು. 'ಕುಡಿಮೀಸೆ' ಹುಳಹುಪ್ಪಟೆಗಳಿಗೆ ಹೋಗಿದೆ, ಅವುಗಳದು ಕೂದಲೂ ಅಲ್ಲ.

ಸದ್ಯಕ್ಕೆ 'ಸುಳಿವುಗೂದಲು' ಅಂತ ಬರೆದುಕೊಂಡಿದ್ದೇನೆ. ಸುಳಿವು ಅಂದರೆ ಸುದ್ದಿ, ಗುರುತು. ಗಾಳಿ ಸುಳಿಯುವುದೂ ಅದರಲ್ಲೇ ಬಂತು. ಅದನ್ನು 'ಸುಳಿಗೂದಲು' ಅಂತ ಮೊಟಕು ಮಾಡಿದರೆ ಮಾತ್ರ ಗುಂಗುರು ಕೂದಲಾಗಿಬಿಡುತ್ತದೆ. ನಿಮಗೆ ಹೇಗನ್ನಿಸುತ್ತದೆ?

ಆದರೂ ನಾನು ಕಟ್ಟಿದ್ದಕ್ಕಿಂತ ಜನರ ಬಾಯಲ್ಲಿರುವ ಪದ ಸಿಕ್ಕರೆ ಜಾಸ್ತಿ ಖುಷಿ. ಬೆಳಗಾವಿ ಕಡೆ ಮರಾಠಿಯವರ 'ಮಿಶಾ' ಕೂಡ ಮನುಷ್ಯನ ಮೀಸೆಯೇ, ಅಲ್ಲಿಂದ ತರುವ ಹಾಗಿಲ್ಲ. ಮುಧೋಳ ನಾಯಿ ಸಾಕುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ನಾಯಿಗೂ ಮೂತಿ, ಹುಬ್ಬು, ಕೆನ್ನೆಯಲ್ಲಿ ಇಂಥ ಕೂದಲಿವೆ. ಮನೆಯ ಹಿರಿಯರು ಅವನ್ನು ಏನಂತ ಕರೆಯುತ್ತಾರೆ? ಕುರಿಗಾರರ ಮಾತಲ್ಲಿ ಬೇರೆ ಪದ ಇದೆಯಾ? ತಿದ್ದದೆ, ಆಡುವ ಹಾಗೇ ಬರೆಯಿರಿ. ಊರಿನ ಹೆಸರೂ ಇರಲಿ.