ಶನಿವಾರ ಹತ್ತಕ್ಕೆ ಮ್ಯಾಚ್, ಹತ್ತಕ್ಕೇ ಕನ್ನಡ ಕ್ಲಾಸ್: ಮಗಳನ್ನು ಯಾವುದಕ್ಕೆ ಕಳಿಸಲಿ?

ಹಾಸನದವಳು, ಡಬ್ಲಿನ್:
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ಯೋಚನೆ, ಅದಕ್ಕೇ ನಮ್ಮ ಐರ್ಲೆಂಡ್ ಕನ್ನಡಿಗರ ಗುಂಪಿನಲ್ಲಿ ಕೇಳುತ್ತಿದ್ದೇನೆ. ನಾವು ಡಬ್ಲಿನ್‌ನ ಟಾಲಾದಲ್ಲಿದ್ದೇವೆ. ಮಗಳಿಗೆ ಹನ್ನೊಂದು ವರ್ಷ. ಎರಡು ವರ್ಷದಿಂದ ಮನೆ ಹತ್ತಿರದ ಕ್ಲಬ್‌ನಲ್ಲಿ ಫುಟ್ಬಾಲ್ ಆಡುತ್ತಾಳೆ. ಸಂಜೆ ಹೊತ್ತು ಕಳೆಯಲಿ ಅಂತ ಸೇರಿಸಿದ್ದು. ಈಗ ಕೋಚ್ ಕರೆದು, ಹುಡುಗಿಯರ ಮೊದಲ ತಂಡಕ್ಕೆ ಆಯ್ಕೆಯಾಗಿದ್ದಾಳೆ ಎಂದರು. ವಾರದಲ್ಲಿ ಎರಡು ಸಂಜೆ ಪ್ರಾಕ್ಟೀಸ್, ಶನಿವಾರ ಬೆಳಿಗ್ಗೆ ಹತ್ತಕ್ಕೆ ಮ್ಯಾಚ್. ನಮ್ಮ ಕನ್ನಡ ಕ್ಲಾಸ್ ಇರುವುದೂ ಹತ್ತಕ್ಕೇ.

ಅವಳ ರೂಮಿನ ಗೋಡೆ ಮೇಲೆ ಕೇಟಿ ಮೆಕ್ಕೇಬ್ ಫೋಟೋ ಇದೆ. ಐರ್ಲೆಂಡ್ ತಂಡದ ಕ್ಯಾಪ್ಟನ್. ಆಕೆ ಬೆಳೆದದ್ದು ಇಲ್ಲೇ ಪಕ್ಕದ ಕಿಲ್ನಮನಾದಲ್ಲಿ, ಹನ್ನೊಂದು ಮಕ್ಕಳ ಮನೆ ಅದು. ಟಾಲಾ ಸ್ಟೇಡಿಯಂನಲ್ಲಿ ಮ್ಯಾಚ್ ಇದ್ದಾಗ ಒಂದು ಸಲ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ದಾರಿ ಉದ್ದಕ್ಕೂ ನನ್ನ ಮಗಳು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು, "ಅಮ್ಮಾ, ಅವರ ಮನೆಯೂ ಇಲ್ಲೇ ಅಲ್ವಾ?" ಅಂದಳು, ಅಷ್ಟೇ.

ಅತ್ತೆ ವಿಡಿಯೋ ಕಾಲ್‌ನಲ್ಲಿ, "ಹೆಣ್ಣು ಮಗು, ಕಾಲು ಗೀಲು ಮುರಿದುಕೊಂಡರೆ ಯಾರು ಹೊಣೆ?" ಎಂದು ಬೇಜಾರು ಮಾಡಿಕೊಂಡರು. ನಮ್ಮ ಮನೆಯವರು ನೀನೇ ನೋಡು ಅಂತ ಬಿಟ್ಟಿದ್ದಾರೆ. ನನಗೆ ಬೇಕಾಗಿರುವುದು ಇಷ್ಟು: ದುಡ್ಡು ಎಷ್ಟಾಗುತ್ತದೆ, ಓದಿಗೆ ಪೆಟ್ಟು ಬೀಳುತ್ತದಾ, ಕನ್ನಡಕ್ಕೆ ಏನು ಮಾಡಲಿ? ಮಕ್ಕಳನ್ನು ಕಳಿಸಿರುವವರು ದಯವಿಟ್ಟು ಹೇಳಿ.

ಗೌಡ್ರು, ಗಾಲ್ವೇ:
ಮಗಳಿಗೆ ಅಭಿನಂದನೆ, ತಾಯಿ. ಆದರೆ ಸಾಕರಾ, ಜಿಎಎನಾ (ಐರ್ಲೆಂಡಿನದೇ ಆದ ಗೇಲಿಕ್ ಆಟ)? ಇಲ್ಲಿ ಫುಟ್ಬಾಲ್ ಅಂದರೆ ಎರಡೂ ಆಗುತ್ತದೆ. ನನ್ನ ಕೇಳಿದರೆ ಜಿಎಎಗೆ ಸೇರಿಸಿ. ಊರಿನ ಜೊತೆ ಬೆರೆಯಬೇಕು ಅಂದರೆ ಅದೇ ದಾರಿ. ನನ್ನ ಮಗಳು ಕಮೋಗಿ (ಹುಡುಗಿಯರು ಕೋಲು ಹಿಡಿದು ಆಡುವ ಗೇಲಿಕ್ ಆಟ) ಶುರು ಮಾಡಿದ ಮೇಲೆ ಅಂಗಡಿಯವರು, ಪೋಸ್ಟ್ ಹಾಕುವವರು ಎಲ್ಲರೂ ನಮ್ಮನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಹತ್ತು ವರ್ಷದಲ್ಲಿ ನನ್ನ ಕೆಲಸದಿಂದ ಆಗದ್ದು ಅವಳ ಕೋಲಿನಿಂದ ಆಯಿತು.

ಹಾಸನದವಳು, ಡಬ್ಲಿನ್:
ಸಾಕರ್ ಅಣ್ಣ.

ಲೂಕನ್ ಅಮ್ಮ:
ನನ್ನ ಇಬ್ಬರೂ ಹೆಣ್ಣು ಮಕ್ಕಳು ಆಡುತ್ತಾರೆ. ನೇರವಾಗಿ ಹೇಳಿಬಿಡುತ್ತೇನೆ. ನಾವು ಕಳೆದ ವರ್ಷ ಒಬ್ಬಳಿಗೆ 200 ಯೂರೋ ಕಟ್ಟಿದೆವು. ಬೂಟ್, ಶಿನ್ ಪ್ಯಾಡ್ ಬೇರೆ. ಬೂಟ್ ಹೊಸದು ತರಬೇಡಿ, ಆರು ತಿಂಗಳಿಗೆ ಚಿಕ್ಕದಾಗುತ್ತದೆ. ಕ್ಲಬ್ ಗ್ರೂಪ್‌ನಲ್ಲಿ ಕೇಳಿದರೆ ಯಾರಾದರೂ ಹಳೆಯದು ಕೊಡುತ್ತಾರೆ. ಕೋಚ್‌ಗಳು ಹೆಚ್ಚಿನವರು ನಮ್ಮ ಹಾಗೆ ಅಪ್ಪ ಅಮ್ಮಂದಿರೇ, ಗಾರ್ಡಾ ವೆಟ್ಟಿಂಗ್ (ಪೊಲೀಸ್ ಪರಿಶೀಲನೆ) ಆಗಿರುತ್ತದೆ, ಹೆದರಬೇಡಿ. ಬೇರೆ ಊರಿಗೆ ಮ್ಯಾಚ್‌ಗೆ ಹೋಗುವಾಗ ಮೂರು ಮನೆಯವರು ಸರದಿ ಮೇಲೆ ಕಾರು ತೆಗೆಯಿರಿ. ಓದಿಗೆ ಏನೂ ಆಗಿಲ್ಲ. ಪ್ರಾಕ್ಟೀಸ್ ಇರುವ ದಿನ ಹೋಂವರ್ಕ್ ಬೇಗ ಮುಗಿಯುತ್ತದೆ, ಸತ್ಯವಾಗಿ. ಒಂದೇ ಕಷ್ಟ, ಟರ್ಫ್‌ನ (ಕೃತಕ ಹುಲ್ಲಿನ ಮೈದಾನದ) ಕರಿ ರಬ್ಬರ್ ಪುಡಿ. ವಾಷಿಂಗ್ ಮೆಷಿನ್, ಸೋಫಾ, ಕೊನೆಗೆ ದೇವರ ಮುಂದಿನ ಮಣೆ ಮೇಲೂ ಸಿಗುತ್ತದೆ.

ಇಪ್ಪತ್ತೆರಡು ವರ್ಷ ಐರ್ಲೆಂಡ್:
ತಂಗಿ, ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಊರು, ಅಪ್ಪ ಅಮ್ಮ ಎಲ್ಲಾ ಬಿಟ್ಟು ಇಲ್ಲಿಗೆ ಬಂದದ್ದು ಮಕ್ಕಳನ್ನು ಓದಿಸಲು. ಲೀವಿಂಗ್ ಸರ್ಟ್‌ನಲ್ಲಿ, ಅಂದರೆ ಇಲ್ಲಿನ ಶಾಲೆಯ ಕೊನೆಯ ಪರೀಕ್ಷೆಯಲ್ಲಿ, ಇರುವುದೇ 625 ಪಾಯಿಂಟ್. ಮೆಡಿಸಿನ್ ಅಂದರೆ ಅದರ ಮೇಲೆ ಎಚ್‌ಪ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಹನ್ನೊಂದನೇ ವಯಸ್ಸಿಗೆ ಶಿಸ್ತು ಬರದಿದ್ದರೆ ಹದಿನಾರಕ್ಕೆ ಬರುವುದಿಲ್ಲ. ನನ್ನ ಮಗ ಇವತ್ತು ಡಾಕ್ಟರ್. ಶನಿವಾರ ಬೆಳಿಗ್ಗೆ ಅವನು ಗ್ರೈಂಡ್ಸ್‌ಗೆ (ಟ್ಯೂಷನ್‌ಗೆ) ಹೋಗುತ್ತಿದ್ದ, ಗ್ರೌಂಡಿಗಲ್ಲ.

ಇನ್ನು ಹುಡುಗಿಯರ ಫುಟ್ಬಾಲ್. 2017ರಲ್ಲಿ ಇದೇ ಐರ್ಲೆಂಡ್ ತಂಡದ ಹುಡುಗಿಯರು ಡಬ್ಲಿನ್‌ನ ಲಿಬರ್ಟಿ ಹಾಲ್‌ನಲ್ಲಿ ಪ್ರೆಸ್ ಮೀಟ್ ಮಾಡಿದ್ದು ಮರೆತಿರಾ? ದೇಶದ ಟ್ರ್ಯಾಕ್‌ಸೂಟ್ ಸ್ವಂತಕ್ಕೆ ಇಲ್ಲ, ಚಿಕ್ಕವರ ತಂಡದ ಜೊತೆ ಹಂಚಿಕೊಳ್ಳಬೇಕು. ಏರ್‌ಪೋರ್ಟ್ ಟಾಯ್ಲೆಟ್‌ನಲ್ಲಿ ಬಟ್ಟೆ ಬದಲಾಯಿಸಿ ವಾಪಸ್ ಕೊಡಬೇಕು. ದೇಶಕ್ಕೆ ಆಡಿದವರ ಗತಿಯೇ ಇದು. ನಮ್ಮ ಮಕ್ಕಳ ಪಾಡೇನು?

ಕಾರ್ಕ್ ಕೊಡಗಿನವಳು:
ಸರ್, ಅರ್ಧ ಕಥೆ ಹೇಳಿ ನಿಲ್ಲಿಸಬೇಡಿ. ಅವತ್ತು ಆಗಿನ ಕ್ಯಾಪ್ಟನ್ ಎಮ್ಮಾ ಬರ್ನ್ ಅವರೆಲ್ಲ ಸಾಲಾಗಿ ಕೂತು ಬಾಯಿಬಿಟ್ಟು ಹೇಳಿದ್ದಕ್ಕೇ ಕೆಲವೇ ದಿನಗಳಲ್ಲಿ ಫುಟ್ಬಾಲ್ ಸಂಸ್ಥೆ ಜೊತೆ ಒಪ್ಪಂದ ಆಯಿತು. 2021ರಲ್ಲಿ ಗಂಡಸರ ತಂಡಕ್ಕೂ ಹೆಂಗಸರ ತಂಡಕ್ಕೂ ಮ್ಯಾಚ್ ಫೀ ಸಮ ಮಾಡಿದರು. ಗಂಡಸರು ತಮ್ಮ ಪಾಲು ಕಡಿಮೆ ಮಾಡಿಕೊಂಡು ಒಪ್ಪಿದರು. 2023ರಲ್ಲಿ ಮೊದಲ ಸಲ ವರ್ಲ್ಡ್ ಕಪ್. 2022ರ ಜನಗಣತಿಯಲ್ಲಿ ಇಡೀ ದೇಶದ ಜನಸಂಖ್ಯೆ 51 ಲಕ್ಷ, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಮೇಲಿನ ಮೊದಲ ಮ್ಯಾಚ್ ನೋಡಲು 75,784 ಜನ. 0-1ರಲ್ಲಿ ಸೋತರು, ಅದೂ ಪೆನಾಲ್ಟಿಯಲ್ಲಿ. ಇಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ. ನಮ್ಮ ಆಫೀಸಿನಲ್ಲಿ ಯಾರೂ ಮೀಟಿಂಗ್ ಇಟ್ಟುಕೊಳ್ಳಲಿಲ್ಲ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. 2024ರ ಜುಲೈನಲ್ಲಿ ಇಲ್ಲೇ ಕಾರ್ಕ್‌ನ ಪಾರ್ಕ್ ಈ ಕ್ಯೂವ್‌ನಲ್ಲಿ ಫ್ರಾನ್ಸ್ ಮೇಲೆ ಆಡಿದರು. ಅದು ಜಿಎಎ ಗ್ರೌಂಡ್. 3-1ರಲ್ಲಿ ಗೆದ್ದರು, ಫ್ರಾನ್ಸ್ ಅಂಥ ತಂಡದ ಮೇಲೆ! ಮೊದಲ ಗೋಲು ಡೆನಿಸ್ ಓಸಲಿವನ್, ಇದೇ ಊರಿನ ನಾಕ್ನಹೀನಿ ಹುಡುಗಿ. ಎರಡನೆಯದು ಜೂಲಿ-ಆನ್ ರಸಲ್, ಮಗು ಹೆತ್ತ ಮೇಲೆ ತಂಡಕ್ಕೆ ವಾಪಸ್ ಬಂದವರು. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಅತ್ತುಬಿಟ್ಟರು. ಅವರು ಯಾರೋ, ನಾನು ಯಾರೋ.

ಇಪ್ಪತ್ತೆರಡು ವರ್ಷ ಐರ್ಲೆಂಡ್:
ನಾಲ್ಕು ಜನರ ಹೆಸರು ಹೇಳಿದರೆ ಆಯಿತಾ ಮೇಡಂ? ಆ ನಾಲ್ಕು ಜನರ ಹಿಂದೆ ಕಾಣದೆ ಹೋದವರು ಎಷ್ಟು? ಅದೇ 2024ರ ಡಿಸೆಂಬರ್‌ನಲ್ಲಿ ಡಬ್ಲಿನ್‌ನಲ್ಲೇ ವೇಲ್ಸ್ ಮೇಲೆ 1-2ರಲ್ಲಿ ಸೋತು ಯೂರೋ ಕಪ್ ಕೈ ತಪ್ಪಿತು. ಆಟ ಅಂದರೆ ಅಷ್ಟೇ, ಇವತ್ತು ಇದೆ ನಾಳೆ ಇಲ್ಲ. ಡಿಗ್ರಿ ಹಾಗಲ್ಲ. ನಾನು ಕಾರ್ ಪಾರ್ಕ್‌ನಲ್ಲಿ ನೈಟ್ ಡ್ಯೂಟಿ ಮಾಡಿ ಮಗನನ್ನು ಓದಿಸಿದವನು. ನನಗೆ ಗೊತ್ತು.

ಮಂಗಳೂರು ನರ್ಸ್, ಲೆಟರ್‌ಕೆನ್ನಿ:
ಸರ್, ನಿಮ್ಮ ಕಷ್ಟದ ಬಗ್ಗೆ ಗೌರವ ಇದೆ. ಆದರೆ ಡಾಕ್ಟರ್ ಆಗುವುದಕ್ಕೂ ಆಟಕ್ಕೂ ಜಗಳ ಇಲ್ಲ. ನಮ್ಮ ಡೊನಿಗಾಲ್ ಕೌಂಟಿಯ ಕೀರಾ ಗ್ರಾಂಟ್ ಮೆಡಿಸಿನ್ ಓದಿ, ಕೋವಿಡ್ ಸಮಯದಲ್ಲಿ ಲೆಟರ್‌ಕೆನ್ನಿ ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿದ್ದವರು. ಆಮೇಲೆ ಸ್ಕಾಟ್ಲೆಂಡ್‌ಗೆ ಹೋಗಿ ಆಡಿದರು. 2023ರ ವರ್ಲ್ಡ್ ಕಪ್ ತಂಡದಲ್ಲಿ ಅವರೂ ಇದ್ದರು.

ಇನ್ನೊಂದು ಹೇಳದೆ ಇರಲಾರೆ. 2022ರ ಅಕ್ಟೋಬರ್ 7, ಕ್ರೀಸ್ಲೋ ಎಂಬ ಸಣ್ಣ ಹಳ್ಳಿಯ ಪೆಟ್ರೋಲ್ ಬಂಕ್ ಹತ್ತಿರ ಸ್ಫೋಟ ಆಗಿ ಹತ್ತು ಜನ ತೀರಿಕೊಂಡರು. ನಮ್ಮಲ್ಲಿಂದ ಅರ್ಧ ಗಂಟೆ ದಾರಿ. ಆ ವಾರ ನಮ್ಮ ಊರಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನಾಲ್ಕು ದಿನ ಕಳೆದು, 11ನೇ ತಾರೀಕು ರಾತ್ರಿ ಗ್ಲಾಸ್ಗೋದ ಹ್ಯಾಂಪ್‌ಡನ್ ಪಾರ್ಕ್‌ನಲ್ಲಿ ಸ್ಕಾಟ್ಲೆಂಡ್ ಮೇಲೆ ಮ್ಯಾಚ್. ಗೆದ್ದರೆ ವರ್ಲ್ಡ್ ಕಪ್‌ಗೆ ದಾರಿ. ಮೊದಲು ನಮ್ಮ ಗೋಲ್‌ಕೀಪರ್ ಕೋರ್ಟ್ನಿ ಬ್ರಾಸ್ನನ್ ಒಂದು ಪೆನಾಲ್ಟಿ ತಡೆದರು. ಬದಲಿ ಆಟಗಾರ್ತಿಯಾಗಿ ಬಂದ ಆಂಬರ್ ಬ್ಯಾರೆಟ್ 72ನೇ ನಿಮಿಷದಲ್ಲಿ ಗೋಲು ಹೊಡೆದರು. ಆಕೆಯೂ ಡೊನಿಗಾಲ್‌ನವರೇ, ಮಿಲ್ಫರ್ಡ್‌ನವರು. ಗೋಲು ಹೊಡೆದವರೇ ತೋಳಿಗೆ ಕಟ್ಟಿದ್ದ ಕಪ್ಪು ಪಟ್ಟಿಗೆ ಮುತ್ತಿಟ್ಟರು. ಆ ಗೆಲುವು ಕ್ರೀಸ್ಲೋ ಜನರಿಗೆ ಅಂದರು. ನಾನು ಅವತ್ತು ನೈಟ್ ಶಿಫ್ಟ್‌ಗೆ ಹೊರಟಿದ್ದೆ. ಕೋಟು ಒಂದು ತೋಳಿಗೆ ಹಾಕಿಕೊಂಡು, ಇನ್ನೊಂದು ಹಾಗೇ ನೇತಾಡುತ್ತಾ, ಟಿವಿ ಮುಂದೆ ನಿಂತುಬಿಟ್ಟೆ. ಈ ಊರು ನನ್ನದೂ ಹೌದು ಅಂತ ನನಗೆ ಮೊದಲ ಸಲ ಅನಿಸಿದ್ದು ಆ ರಾತ್ರಿ.

ಗೌಡ್ರು, ಗಾಲ್ವೇ:
ಆಂಬರ್ ಬ್ಯಾರೆಟ್ ಡೊನಿಗಾಲ್ ಪರ ಗೇಲಿಕ್ ಫುಟ್ಬಾಲ್ ಕೂಡ ಆಡಿದ್ದಾರೆ. ಅದಕ್ಕೇ ಹೇಳಿದ್ದು ಜಿಎಎಗೂ ಸೇರಿಸಿ ಅಂತ. ಗೇಲಿಕ್ ಫುಟ್ಬಾಲ್‌ಗೆ ಮೌತ್‌ಗಾರ್ಡ್ ಕಡ್ಡಾಯ, ನೆನಪಿರಲಿ.

ಸ್ವೋರ್ಡ್ಸ್ ಶಿವಮೊಗ್ಗ:
ಒಂದು ಡೌಟು. ದೇಶಕ್ಕೆ ಆಡುವ ಮಟ್ಟಕ್ಕೆ ಬಂದರೆ ಪಾಸ್‌ಪೋರ್ಟ್ ಬೇಕಲ್ವಾ? ನಮ್ಮ ಮಗ ಇಲ್ಲೇ ಹುಟ್ಟಿದ್ದು, ಆದರೆ ಆಗ ನಾವು ಬಂದು ಎರಡೇ ವರ್ಷ ಆಗಿತ್ತು.

ಲೂಕನ್ ಅಮ್ಮ:
ಬೇಕು. 2005ರಿಂದ ಈಚೆಗೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಸಿಟಿಜನ್‌ಶಿಪ್ ಸಿಗುವುದಿಲ್ಲ. ಮಗು ಹುಟ್ಟುವ ಮುಂಚಿನ ನಾಲ್ಕು ವರ್ಷದಲ್ಲಿ ಅಪ್ಪ ಅಥವಾ ಅಮ್ಮ ಮೂರು ವರ್ಷ ಇಲ್ಲಿದ್ದಿರಬೇಕು, ಸ್ಟೂಡೆಂಟ್ ವೀಸಾದ ದಿನ ಲೆಕ್ಕಕ್ಕಿಲ್ಲ. ನಿಮ್ಮದು ಬೇರೆ ಅರ್ಜಿ ಆಗುತ್ತದೆ. ಐರಿಶ್ ಆದ ಮೇಲೆ ಇಂಡಿಯನ್ ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಿದ್ದರೆ ಒಸಿಐ (ಸಾಗರೋತ್ತರ ಭಾರತೀಯ ಕಾರ್ಡ್) ಮಾಡಿಸಿಕೊಳ್ಳಬಹುದು. ಆದರೆ ಹನ್ನೊಂದು ವರ್ಷದ ಮಗುವಿನ ಕ್ಲಬ್ ಮ್ಯಾಚ್‌ಗೆ ಇದು ಯಾವುದೂ ಬೇಡ. ಆ ತಾಯಿ ಕೇಳಿದ್ದು ಶನಿವಾರದ ಬಗ್ಗೆ.

ಇಪ್ಪತ್ತೆರಡು ವರ್ಷ ಐರ್ಲೆಂಡ್:
ನಾನೂ ಶನಿವಾರದ ಬಗ್ಗೆಯೇ ಹೇಳುತ್ತಿರುವುದು. ಶನಿವಾರ ಒಂದು ಸಲ ಕೈ ಬಿಟ್ಟರೆ ಕನ್ನಡವೂ ಹೋಯಿತು, ಓದೂ ಹೋಯಿತು. ಇದು ಅನುಭವದ ಮಾತು.

ಮಂಡ್ಯದ ಅಪ್ಪ, ಲಿಮರಿಕ್:
ಇಷ್ಟು ದಿನ ಈ ಗುಂಪಿನಲ್ಲಿ ಸುಮ್ಮನೆ ಓದುತ್ತಿದ್ದೆ. ಇವತ್ತು ಬರೆಯಲೇಬೇಕು ಅನಿಸಿತು.

ಅಣ್ಣ ಹೇಳಿದ ಹಾಗೇ ನಾನೂ ಮಾಡಿದೆ. ಮಗಳಿಗೆ ಹದಿಮೂರು ಇದ್ದಾಗ ಫುಟ್ಬಾಲ್ ಬಿಡಿಸಿದೆ. ಮ್ಯಾಥ್ಸ್ ಗ್ರೈಂಡ್ಸ್, ಭರತನಾಟ್ಯ, ಕನ್ನಡ ಕ್ಲಾಸ್ ಎಲ್ಲಕ್ಕೂ ನಾನೇ ಕರೆದುಕೊಂಡು ಹೋದೆ. ಜಗಳ ಮಾಡಲಿಲ್ಲ ಅವಳು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ಕಡೆ ನೋಡುತ್ತಿದ್ದಳು. ಈಗ ಹತ್ತೊಂಬತ್ತು. ಒಳ್ಳೆ ಕೋರ್ಸ್ ಸಿಕ್ಕಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಜೊತೆ ಕನ್ನಡದಲ್ಲಿ ಮಾತಾಡುವುದಿಲ್ಲ. ಬರುತ್ತದೆ, ಆಡುವುದಿಲ್ಲ. ಹೋದ ಕ್ರಿಸ್‌ಮಸ್‌ಗೆ ಅಟ್ಟ ಕ್ಲೀನ್ ಮಾಡುವಾಗ ಅವಳ ಬೂಟ್ ಸಿಕ್ಕವು. ನ್ಯೂಸ್ ಪೇಪರ್ ತುಂಬಿ ಇಟ್ಟಿದ್ದಳು, ಆಕಾರ ಕೆಡದಿರಲಿ ಅಂತ. ಕೆಳಗಿನ ಮೊಳೆಗಳಲ್ಲಿ ಮಣ್ಣು ಹಾಗೇ ಒಣಗಿತ್ತು. ಕೆಳಗೆ ತಂದು ತೋರಿಸಲು ನನಗೆ ಧೈರ್ಯ ಬರಲಿಲ್ಲ.

ತಂಗಿ, ನಾನು ಬುದ್ಧಿವಾದ ಹೇಳುವ ಸ್ಥಿತಿಯಲ್ಲಿಲ್ಲ. ನನಗೆ ಆದದ್ದು ಹೇಳಿದೆ.

ಧಾರವಾಡದ ಅಕ್ಕ, ವಾಟರ್‌ಫರ್ಡ್:
ಓದಿ ಕಣ್ಣೀರು ಬಂತು ನೋಡ್ರಿ. ನಾನು ಖೋ-ಖೋ ಜಿಲ್ಲಾ ಮಟ್ಟದವರೆಗೆ ಆಡಿದವಳು. ಪಿಯುಸಿ ಆದ ಮೇಲೆ ಸಾಕು ಅಂದರು ಮನೆಯಲ್ಲಿ. ಈಗಲೂ ಯಾರಾದರೂ ಸೀಟಿ ಊದಿದರೆ ಕಾಲು ತಾನೇ ಮುಂದೆ ಹೋಗುತ್ತದೆ. ಕಳಿಸ್ರೀ ಮಗಳನ್ನ.

ಇಪ್ಪತ್ತೆರಡು ವರ್ಷ ಐರ್ಲೆಂಡ್:
ಭಾವನೆಯ ಮೇಲೆ ಮಕ್ಕಳ ಭವಿಷ್ಯ ಕಟ್ಟಲು ಆಗುವುದಿಲ್ಲ. ಮಂಡ್ಯದ ತಮ್ಮ, ಮಗಳಿಗೆ ಒಳ್ಳೆ ಕೋರ್ಸ್ ಸಿಕ್ಕಿದ್ದು ನೀವು ಪಟ್ಟ ಶ್ರಮದಿಂದಲೇ. ಅದನ್ನು ತಪ್ಪು ಅಂತ ಯಾಕೆ ಅಂದುಕೊಳ್ಳುತ್ತೀರಿ? ಕನ್ನಡ ವಾಪಸ್ ಬರುತ್ತದೆ, ಕಾಯಿರಿ.

ಮಂಡ್ಯದ ಅಪ್ಪ, ಲಿಮರಿಕ್:
ಕಾಯುತ್ತಿದ್ದೇನೆ ಅಣ್ಣ.

ಕನ್ನಡ ಕ್ಲಾಸ್ ಟೀಚರ್:
ಕ್ಷಮಿಸಿ, ಕೆಲಸದಲ್ಲಿದ್ದೆ, ಈಗ ನೋಡಿದೆ. ಶನಿವಾರ ಮ್ಯಾಚ್ ಇರುವ ಮಕ್ಕಳು ನಮ್ಮ ಕ್ಲಾಸಿನಲ್ಲಿ ಆಗಲೇ ಐದು ಜನ ಇದ್ದಾರೆ. ಭಾನುವಾರ ಸಂಜೆ ಐದಕ್ಕೆ ಆನ್‌ಲೈನ್‌ನಲ್ಲಿ ಒಂದು ಗಂಟೆ ಅವರಿಗೆ ಬೇರೆ ಕ್ಲಾಸ್ ಮಾಡುತ್ತೇನೆ. ಯುಗಾದಿ ಕಾರ್ಯಕ್ರಮದ ಪ್ರಾಕ್ಟೀಸ್‌ಗೆ ಮಾತ್ರ ಹಾಲ್‌ಗೆ ಬರಬೇಕು.

ಆಟದಿಂದ ಕನ್ನಡ ಹೋಗುತ್ತದೆ ಎಂದು ನಾನು ಒಪ್ಪುವುದಿಲ್ಲ. ವರ್ಲ್ಡ್ ಕಪ್ ಸಮಯದಲ್ಲಿ ಪರ್ತ್‌ನಲ್ಲಿ ಕೆನಡಾ ಮೇಲೆ ಕೇಟಿ ಮೆಕ್ಕೇಬ್ ಕಾರ್ನರ್‌ನಿಂದ ಹೊಡೆದ ಚೆಂಡು ಯಾರನ್ನೂ ಮುಟ್ಟದೆ ನೇರ ಗೋಲಿಗೆ ಹೋಯಿತಲ್ಲ, ಶುರುವಾಗಿ ನಾಲ್ಕೇ ನಿಮಿಷಕ್ಕೆ. ಅದನ್ನು ಕನ್ನಡದಲ್ಲಿ ಬರೆಯಿರಿ ಅಂದೆ. ಎರಡು ಸಾಲು ಬರೆಯಲು ಗೋಳಾಡುತ್ತಿದ್ದ ಹುಡುಗ ಒಂದು ಪುಟ ಬರೆದ. "ಚೆಂಡು ಬಾಗಿತು" ಅಂತ ಬರೆದು, "ಆಂಟಿ, ಬಾಗಿತಾ, ತಿರುಗಿತಾ, ಯಾವುದು ಸರಿ?" ಎಂದು ಕೇಳಿದ. ಅರ್ಧ ಗಂಟೆ ಅದರ ಮೇಲೇ ಮಾತಾಡಿದೆವು. ಆ ಮ್ಯಾಚ್ ಕೊನೆಗೆ 1-2ರಲ್ಲಿ ಸೋತರು. ಅದನ್ನೂ ಬರೆದಿದ್ದ, ಕೆಟ್ಟ ಮಳೆ ಅಂತ ಸೇರಿಸಿ.

ಸ್ವೋರ್ಡ್ಸ್ ಶಿವಮೊಗ್ಗ:
ಭಾನುವಾರದ ಕ್ಲಾಸ್‌ಗೆ ಕ್ರಿಕೆಟ್ ಆಡುವವರೂ ಬರಬಹುದಾ ಮೇಡಂ?

ಕನ್ನಡ ಕ್ಲಾಸ್ ಟೀಚರ್:
ಬರಲಿ. ಹೆಸರು ಕಳಿಸಿ.

ಇಪ್ಪತ್ತೆರಡು ವರ್ಷ ಐರ್ಲೆಂಡ್:
ಒಳ್ಳೆಯ ವ್ಯವಸ್ಥೆ ಮೇಡಂ. ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಮಗುವಿಗೆ ಗಣಿತದಲ್ಲಿ ಏನಾದರೂ ಬೇಕಿದ್ದರೆ ನನಗೆ ಹೇಳಿ ತಂಗಿ. ನಾನು ರಿಟೈರ್ ಆಗಿದ್ದೇನೆ, ದುಡ್ಡು ಬೇಡ.

ಹಾಸನದವಳು, ಡಬ್ಲಿನ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಎರಡೆರಡು ಸಲ ಓದಿದೆ. ಟೀಚರ್, ಭಾನುವಾರಕ್ಕೆ ನಮ್ಮದೂ ಒಂದು ಹೆಸರು. ಸರ್, ಗಣಿತಕ್ಕೆ ಖಂಡಿತ ಫೋನ್ ಮಾಡುತ್ತೇನೆ. ಅತ್ತೆಗೆ ಇನ್ನೂ ಹೇಳಿಲ್ಲ, ಮೊದಲ ಮ್ಯಾಚ್ ಆಗಲಿ. ಲೂಕನ್ ಅಕ್ಕ, ಒಂದೇ ಪ್ರಶ್ನೆ ಉಳಿದಿದೆ. ಶಿನ್ ಪ್ಯಾಡ್ ಕಾಲುಚೀಲದ ಒಳಗೆ ಹಾಕಬೇಕಾ, ಮೇಲೆ ಹಾಕಬೇಕಾ? ಅವಳನ್ನು ಕೇಳಿದರೆ ನನಗೇನೂ ಗೊತ್ತಿಲ್ಲ ಅಂದುಕೊಳ್ಳುತ್ತಾಳೆ.

ಲೂಕನ್ ಅಮ್ಮ:
ಒಳಗೆ. ಮೇಲೆ ಹಾಕಿದರೆ ರೆಫ್ರಿ ಆಡಲು ಬಿಡುವುದಿಲ್ಲ. ಶನಿವಾರ ಮಳೆ ತೋರಿಸುತ್ತಿದೆ, ನಿಮಗೂ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಳ್ಳಿ. ಚಪಾತಿ ರೋಲ್ ಎರಡು ಜಾಸ್ತಿ ತನ್ನಿ, ತಂಡದ ಮಕ್ಕಳು ಕೇಳೇ ಕೇಳುತ್ತಾರೆ.