ಪುಣೆ ಪಾಲಿಕೆ ಶಾಲೆಯ ಸಮಿತಿಯಲ್ಲಿ ನಮ್ಮ ಪಾಲಕರಿಗೆ ಜಾಗ ಸಿಗುವುದು ಹೇಗೆ?

ಹಡಪ್ಸರ್ ಕನ್ನಡಿಗ:
ಮರಾಠಿ ಮಾಧ್ಯಮದ ಪಾಲಿಕೆ ಶಾಲೆಯೊಂದರಲ್ಲಿ ಯಾದಗಿರಿ, ಕಲಬುರಗಿ ಕಡೆಯ ಕಟ್ಟಡ ಕೂಲಿಗಳ ಮಕ್ಕಳು ಬಹಳ. ಹೆಚ್ಚಿನವರು ದಲಿತರು, ಲಂಬಾಣಿಗರು. ಯಾವಾಗಲೂ ಹಿಂದಿನ ಸಾಲು. 'ಶಾಳಾ ವ್ಯವಸ್ಥಾಪನ ಸಮಿತಿ'ಯಲ್ಲಿ ಅವರ ಪಾಲಕರು ಒಬ್ಬರೂ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಮಕ್ಕಳಿಗೂ ಅಲ್ಲಿ ಮಾತಾಡಲು ಆಗುತ್ತದೆಯೇ?

ಖಡಕ್ ರೊಟ್ಟಿ:
ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 21 ಹಿಡಿಯಿರಿ ಸರ್. ಮುಕ್ಕಾಲು ಭಾಗ ಸದಸ್ಯರು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ವಂಚಿತ (ಪರಿಶಿಷ್ಟ ಜಾತಿ, ಪಂಗಡ ಮುಂತಾದ) ಮತ್ತು ದುರ್ಬಲ (ಕಡಿಮೆ ಆದಾಯದ) ವರ್ಗದ ಪಾಲಕರಿಗೆ ಮಕ್ಕಳ ಸಂಖ್ಯೆಗೆ ತಕ್ಕ ಪಾಲು. 16 ಜನರ ಸಮಿತಿ ಎಂದರೆ 12 ಪಾಲಕರು. ಶಾಲೆಯ ಮಕ್ಕಳಲ್ಲಿ ಕಾಲು ಭಾಗ ಈ ವರ್ಗದವರಾದರೆ 3 ಜಾಗ ಕೇಳಿ.

ತೊಡಕು ಜಾತಿ ಪತ್ರದಲ್ಲಿದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ; ಊರಿನ ಪತ್ರ ಇಲ್ಲಿ ನಡೆಯಲ್ಲ. ಅದಕ್ಕೇ ತಹಸೀಲ್ದಾರರಿಂದ ಆದಾಯ ಪತ್ರ ಮಾಡಿಸಿ ದುರ್ಬಲ ವರ್ಗದ ಲೆಕ್ಕದಲ್ಲಿ ಕೇಳುವುದು ಸುಲಭ.

ಕಾತ್ರಜ್ ಅಕ್ಕ:
ಕಾಯ್ದೆಗಿಂತ ಮೊದಲು ಸಭೆಯ ಹೊತ್ತು ನೋಡಿ. ವಾರದ ನಡುವೆ ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಆಮೇಲೆ "ಪಾಲಕರಿಗೇ ಆಸಕ್ತಿ ಇಲ್ಲ" ಎಂಬ ಮಾತು. ಸಂಜೆ ಅಥವಾ ಸೈಟ್ ರಜೆಯ ದಿನ ಸಭೆ ಇಡಿ ಎಂದು ಹತ್ತು ಪಾಲಕರ ಸಹಿ ಹಾಕಿ ಮುಖ್ಯಾಧ್ಯಾಪಕರಿಗೆ ಅರ್ಜಿ ಕೊಡಿ, ನಕಲಿನ ಮೇಲೆ ಆವಕ್ ಶಿಕ್ಕಾ (ಅರ್ಜಿ ಸಿಕ್ಕಿದೆ ಎಂಬ ಮುದ್ರೆ) ಬೀಳಲೇಬೇಕು. ಮಿನಿಟ್ಸ್ ಮರಾಠಿಯಲ್ಲಿರುತ್ತದೆ, ಓದಿಸಿಕೊಳ್ಳದೆ ಹೆಬ್ಬೆಟ್ಟು ಬೇಡ, ಖಾಲಿ ರಿಜಿಸ್ಟರಿಗಂತೂ ಬೇಡವೇ ಬೇಡ. ಒಬ್ಬರನ್ನೇ ಕಳಿಸಬೇಡಿ, ಮೂಲೆಯಲ್ಲಿ ಸುಮ್ಮನೆ ಕೂತು ಬರುತ್ತಾರೆ. ಇಬ್ಬರಿದ್ದರೆ ಒಬ್ಬರಾದರೂ ಬಾಯಿ ಬಿಡುತ್ತಾರೆ.

ಖಡಕ್ ರೊಟ್ಟಿ:
ಅಕ್ಕನ ಮಾತು ಸರಿ. ಮಕ್ಕಳ ವಿಷಯ: ಮಹಾರಾಷ್ಟ್ರದ ಸಮಿತಿಗೆ ಇಬ್ಬರು ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತಾರೆ, ಒಬ್ಬಳಾದರೂ ಹುಡುಗಿ. ಬಹಳ ಕಡೆ ಮಾನಿಟರ್‌ಗಳನ್ನೇ ಹಾಕಿ ಮುಗಿಸುತ್ತಾರೆ. ತರಗತಿಯಲ್ಲಿ ಚೀಟಿ ಹಾಕಿ ಆರಿಸಿ ಎಂದು ಕೇಳಿ. ಎರಡು ವಾರ ಮಕ್ಕಳೇ ದಿನಾ ಬರೆದಿಡಲಿ: ಯಾರು ಯಾವ ಸಾಲು, ಊಟ ಯಾರಿಗೆ ಕೊನೆಗೆ, ಶೌಚಾಲಯ ತೊಳೆಯಲು ಯಾರನ್ನು ಕಳಿಸಿದರು. "ನಮಗೆ ಭೇದ ಮಾಡ್ತಾರೆ" ಎಂದರೆ ಹಾರಿಕೆ ಉತ್ತರ ಬರುತ್ತದೆ, ತಾರೀಖು ಹಾಕಿದ ಪಟ್ಟಿಗೆ ಬರುವುದಿಲ್ಲ. ಪಟ್ಟಿಯನ್ನು ಸಭೆಯಲ್ಲಿ ಪಾಲಕರು ಓದಲಿ, ಬರೆದ ಮಗುವಿನ ಹೆಸರು ಹೊರಗೆ ಬರದಿರಲಿ. ಕೇಳುವುದು ಒಂದೇ: ವಾರಕ್ಕೊಮ್ಮೆ ಸಾಲು ಬದಲಾಗಲಿ.

ಹಡಪ್ಸರ್ ಕನ್ನಡಿಗ:
ಮುಖ್ಯಾಧ್ಯಾಪಕರು ಅರ್ಜಿಯನ್ನೇ ತಗೊಳ್ಳದಿದ್ದರೆ?

ಕಾತ್ರಜ್ ಅಕ್ಕ:
ಸ್ಪೀಡ್ ಪೋಸ್ಟ್‌ನಲ್ಲಿ ಪಾಲಿಕೆಯ ಶಿಕ್ಷಣ ವಿಭಾಗಕ್ಕೆ. ಅದೇ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 32ರ ದೂರು ಎಂದು ಮೇಲೇ ಬರೆಯಿರಿ. 3 ತಿಂಗಳಲ್ಲಿ ತೀರ್ಮಾನಿಸಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕು ಆಯೋಗಕ್ಕೆ ಅಪೀಲು. ಪೋಸ್ಟ್ ರಸೀದಿ ಇಟ್ಟುಕೊಳ್ಳಿ.