ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹವ್ಯಾಸಕ್ಕಾಗಿ ಚಿನ್ನ ಹುಡುಕಲು ಮೊದಲು ಕೊಳ್ಳಬೇಕಾದದ್ದು ಪ್ಯಾನೋ, ಮೆಟಲ್ ಡಿಟೆಕ್ಟರೋ?

ಪ್ರಶ್ನೆ: ಯಾರಾದಂಡೆ, ಮೆಲ್ಬರ್ನ್

ಎಲ್ಲರಿಗೂ ನಮಸ್ಕಾರ. ಕಳೆದ ಶಾಲಾ ರಜೆಯಲ್ಲಿ ಮಕ್ಕಳನ್ನು ಬ್ಯಾಲರಟ್‌ನ ಹಳೆಯ ಚಿನ್ನದ ಗಣಿಯೂರನ್ನು ಮರುಸೃಷ್ಟಿಸಿರುವ ಸಾವರಿನ್ ಹಿಲ್‌ಗೆ ಕರೆದೊಯ್ದಿದ್ದೆವು. ಅಲ್ಲಿನ ತೊರೆಯಲ್ಲಿ ಪ್ರವಾಸಿಗರಿಗೆಂದೇ ಚಿನ್ನದ ಕಣಗಳನ್ನು ಹಾಕಿರುತ್ತಾರೆಂದು ಗೊತ್ತಿದ್ದರೂ, ಒಂದೆರಡು ಕಣ ಕಂಡ ಮೇಲೆ ಮಕ್ಕಳಿಗಿಂತ ನನಗೇ ಹುಚ್ಚು ಹಿಡಿದಿದೆ. ನನ್ನ ಸಹೋದ್ಯೋಗಿಯೊಬ್ಬರು, ಪ್ಯಾನ್ (ಮಣ್ಣು ಜಾಲಿಸುವ ಅಗಲ ತಟ್ಟೆ) ಹಿಡಿದು ನೀರಿನಲ್ಲಿ ಕೂರುವುದು ವ್ಯರ್ಥ, ಒಳ್ಳೆಯ ಡಿಟೆಕ್ಟರ್ ಕೊಂಡರೆ ಮಾತ್ರ ಏನಾದರೂ ಸಿಕ್ಕೀತು ಎನ್ನುತ್ತಾರೆ. ಆದರೆ ಅವರು ಹೇಳುವ ಯಂತ್ರಕ್ಕೆ ಹಲವು ಸಾವಿರ ಡಾಲರ್ ಬೆಲೆಯಿದೆ. ಹೊಸಬರು ಯಾವುದರಿಂದ ಆರಂಭಿಸುವುದು ಒಳ್ಳೆಯದು? ಸಿಕ್ಕಿದ್ದನ್ನು ಕಾನೂನಿನ ಪ್ರಕಾರ ನಾವೇ ಇಟ್ಟುಕೊಳ್ಳಬಹುದೇ? ದಾವಣಗೆರೆಯಲ್ಲಿರುವ ನಮ್ಮ ತಾಯಿಯವರದ್ದೂ ಒಂದು ಪ್ರಶ್ನೆಯಿದೆ: ಅದನ್ನು ಊರಿಗೆ ತಂದು ಅಕ್ಕಸಾಲಿಗರ ಕೈಗೆ ಕೊಡಬಹುದೇ?

ಉತ್ತರ: ಬೆಂಡಿಗೋ ಕನ್ನಡಿಗ

ಉಪಕರಣದ ಮಾತು ಆಮೇಲಿರಲಿ. ಎಲ್ಲಕ್ಕಿಂತ ಮೊದಲು ನಿಮ್ಮ ಕೈಯಲ್ಲಿರಬೇಕಾದದ್ದು 'ಮೈನರ್ಸ್ ರೈಟ್' ಎಂಬ ಪರವಾನಗಿ. ಲೈಸೆನ್ಸ್ ಶುಲ್ಕದ ಹೊರೆ ತಾಳಲಾರದೆ ಬಂಡೆದ್ದ ಗಣಿಗಾರರ ಮೇಲೆ 1854ರ ಡಿಸೆಂಬರ್ 3ರಂದು ಬ್ಯಾಲರಟ್‌ನ ಯುರೇಕಾದಲ್ಲಿ ಸೈನಿಕರು ಎರಗಿದರು. ಆ ರಕ್ತಪಾತದ ಪರಿಣಾಮವಾಗಿ 1855ರಲ್ಲಿ ಹಳೆಯ ಲೈಸೆನ್ಸ್ ಪದ್ಧತಿ ಹೋಗಿ, ವರ್ಷಕ್ಕೆ ಒಂದು ಪೌಂಡಿನ ಮೈನರ್ಸ್ ರೈಟ್ ಬಂತು. ಇಂದಿಗೂ ಅದೇ ಹೆಸರಿನಲ್ಲಿ ನಡೆದುಬಂದಿರುವ ಈ ಪರವಾನಗಿ ಆನ್‌ಲೈನಿನಲ್ಲೇ ಸಿಗುತ್ತದೆ, ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ, ಒಂದು ಹೊತ್ತಿನ ಹೋಟೆಲ್ ಊಟದಷ್ಟೇ ಖರ್ಚಿನದು. ನೀವಿಬ್ಬರೂ ಹುಡುಕುವುದಾದರೆ ಇಬ್ಬರೂ ಪ್ರತ್ಯೇಕವಾಗಿ ಮಾಡಿಸಿಕೊಳ್ಳಿ.

ನೆಲದೊಳಗಿನ ಚಿನ್ನ ಮೂಲತಃ ಸರ್ಕಾರದ ಸೊತ್ತು. ಪರವಾನಗಿ ಇರುವವರಿಗೆ, ಅನುಮತಿಯಿರುವ ಜಾಗದಲ್ಲಿ ಸಿಕ್ಕಿದ ಚಿನ್ನ ಅವರದಾಗುತ್ತದೆ. ಸರ್ಕಾರಿ ಅರಣ್ಯದ ಬಹುಭಾಗದಲ್ಲಿ ಹುಡುಕಬಹುದು. ಖಾಸಗಿ ಜಮೀನಿಗೆ ಮಾಲೀಕರ ಒಪ್ಪಿಗೆ ಬೇಕು, ಗಣಿ ಗುತ್ತಿಗೆ ಇರುವ ಜಾಗಕ್ಕೆ ಗುತ್ತಿಗೆದಾರರ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ನಿಷೇಧವಿದೆ. ಗ್ರೇಟರ್ ಬೆಂಡಿಗೋದಂತಹ ಕೆಲವು ಉದ್ಯಾನಗಳ ಗೊತ್ತುಪಡಿಸಿದ ಭಾಗಗಳಿಗೆ ಮಾತ್ರ ವಿನಾಯಿತಿ. ಮನೆಯಿಂದ ಹೊರಡುವ ಮುನ್ನ ಸರ್ಕಾರದ 'ಜಿಯೋವಿಕ್' ನಕ್ಷೆಯಲ್ಲಿ ಆ ಜಾಗವನ್ನು ತೆರೆದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಅಗೆಯಲು ಕೈ ಉಪಕರಣಗಳನ್ನು ಮಾತ್ರ ಬಳಸಬೇಕು, ತೋಡಿದ ಗುಂಡಿಯನ್ನು ಮುಚ್ಚಬೇಕು, ಸ್ಥಳೀಯ ಗಿಡಮರಗಳನ್ನು ಕೀಳಬಾರದು. ಮೂಲನಿವಾಸಿಗಳ ಶಿಲಾ ಉಪಕರಣಗಳನ್ನಾಗಲಿ ಹಳೆಯ ಗಣಿಗಾರರ ಮನೆಗಳ ಅವಶೇಷಗಳನ್ನಾಗಲಿ ಮುಟ್ಟುವಂತಿಲ್ಲ. ಇವುಗಳಲ್ಲಿ ಗುಂಡಿ ಮುಚ್ಚುವ ನಿಯಮವನ್ನೇ ಜನ ಹೆಚ್ಚು ಮುರಿಯುತ್ತಾರೆ. ಅದರಿಂದಾಗಿ ರೈತರು ನಮ್ಮಂಥವರನ್ನು ಗೇಟಿನಲ್ಲೇ ಹಿಂದಕ್ಕೆ ಕಳಿಸುವಂತಾಗಿದೆ.

ಉತ್ತರ: ಶಿಲಾಪ್ರಿಯ

ನಾನು ಭೂವಿಜ್ಞಾನ ಓದಿದವನು. ನಿಸ್ಸಂಶಯವಾಗಿ ಪ್ಯಾನ್‌ನಿಂದ ಆರಂಭಿಸಿ ಎನ್ನುತ್ತೇನೆ. ಬೆಲೆ ಕಡಿಮೆ ಎಂಬುದು ಒಂದು ಕಾರಣವಾದರೆ, ಚಿನ್ನ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪ್ಯಾನ್ ಕಲಿಸುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಶುದ್ಧ ಚಿನ್ನದ ಸಾಂದ್ರತೆ ನೀರಿನ 19.3 ಪಟ್ಟು, ಬೆಣಚುಕಲ್ಲಿನದು ಸುಮಾರು 2.65 ಪಟ್ಟು. ಕಪ್ಪು ಮರಳಿನಲ್ಲಿರುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಕೂಡ 5ರ ಆಸುಪಾಸಿನಲ್ಲಿದೆ. ಈ ಅಂತರದಿಂದಲೇ ಇಡೀ ಕೆಲಸ ನಡೆಯುತ್ತದೆ. ಹೊಳೆಯ ಸೆಳೆತ ಎಲ್ಲಿ ಕುಗ್ಗುತ್ತದೆಯೋ ಅಲ್ಲಿ, ಅಂದರೆ ತಿರುವಿನ ಒಳಮಗ್ಗುಲಲ್ಲಿ, ದೊಡ್ಡ ಬಂಡೆಯ ಹಿಂದೆ ನೀರು ಹರಿದುಹೋಗುವ ಕಡೆಯ ಮರೆಯಲ್ಲಿ, ತಳಬಂಡೆಯ ಬಿರುಕುಗಳಲ್ಲಿ ಚಿನ್ನ ಇಳಿದು ಕೂರುತ್ತದೆ. ಮೇಲಿನ ಸಡಿಲ ಮರಳನ್ನು ಬುಟ್ಟಿಗಟ್ಟಲೆ ಜಾಲಿಸುವ ಬದಲು, ಬಿರುಕಿನಲ್ಲಿ ಬಿಗಿದುಕೊಂಡಿರುವ ಜಿಗುಟು ಮಣ್ಣನ್ನು ಒಂದು ಹಳೆಯ ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದರೆ ಒಂದು ಹಿಡಿಯಷ್ಟೇ ಸಾಕು. ನೀರಿನಲ್ಲಿ ಹುಡುಕುವಾಗ ತೊರೆಯ ತಳದಲ್ಲಿ ಮಾತ್ರ ಕೆಲಸ ಮಾಡಬೇಕು, ದಂಡೆಯನ್ನು ಕೊರೆಯಬಾರದು. ಕೆಲವು ಹೊಳೆಗಳಲ್ಲಿ ಅದಕ್ಕೂ ಅನುಮತಿಯಿಲ್ಲ.

ಜಾಲಿಸುವ ಕ್ರಮ ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಜಾಲಿಸಿ ಕಲ್ಲು ಬೇರ್ಪಡಿಸುವುದರಂತೆಯೇ ಇದೆ, ಇಲ್ಲಿ ತಳದಲ್ಲಿ ಉಳಿಯುವುದು ಮಾತ್ರ ಬೇಕಾದದ್ದು. ಮೊದಲು ಜರಡಿ ಹಿಡಿದು ದಪ್ಪ ಜಲ್ಲಿಯನ್ನು ತೆಗೆಯಿರಿ. ಪ್ಯಾನನ್ನು ನೀರಿನೊಳಗೆ ಮುಳುಗಿಸಿ, ಜೇಡಿಯ ಉಂಡೆಗಳನ್ನು ಬೆರಳಿನಿಂದ ಪೂರ್ತಿ ಕಿವುಚಿ ಕರಗಿಸಿ. ಹೊಸಬರು ಇಲ್ಲಿ ಅವಸರ ಮಾಡುತ್ತಾರೆ, ಕರಗದ ಜೇಡಿ ಚಿನ್ನವನ್ನು ಅಪ್ಪಿಕೊಂಡೇ ಅಂಚು ದಾಟಿ ಹೋಗುತ್ತದೆ. ಆಮೇಲೆ ನೀರಿನಡಿಯಲ್ಲೇ ಪ್ಯಾನನ್ನು ಎಡಬಲಕ್ಕೆ ಜೋರಾಗಿ ಅಲುಗಿಸಿ ಭಾರವಾದದ್ದು ಕೆಳಗಿಳಿಯಲು ಬಿಡಿ. ಏಣುಗಳಿರುವ ಬದಿಯನ್ನು ಮುಂದಕ್ಕೆ ಬಾಗಿಸಿ, ಮೇಲ್ಪದರವನ್ನು ನೀರಿನಿಂದ ಸವರಿದಂತೆ ಹೊರಹಾಕಿ, ಮತ್ತೆ ಅಲುಗಿಸಿ. ಕೊನೆಗೆ ಒಂದು ಚಮಚದಷ್ಟು ಕಪ್ಪು ಮರಳು ಉಳಿದಾಗ ಸ್ವಲ್ಪವೇ ನೀರು ಬಿಟ್ಟು ಪ್ಯಾನನ್ನು ನಿಧಾನವಾಗಿ ತಿರುಗಿಸಿದರೆ, ಮರಳು ಮುಂದೆ ಸರಿಯುತ್ತದೆ, ಚಿನ್ನ ಹಿಂದೆ ಬಾಲದಂತೆ ಉಳಿಯುತ್ತದೆ.

ಹೊಳೆಯುವುದೆಲ್ಲ ಚಿನ್ನವೋ ಎಂಬ ಅನುಮಾನ ಬಂದಾಗ ಪ್ಯಾನಿನ ಮೇಲೆ ಕೈಯಿಂದ ನೆರಳು ಮಾಡಿ. ಅಭ್ರಕದ ಮಿಂಚು ಆರಿಹೋಗುತ್ತದೆ, ಚಿನ್ನದ ಹಳದಿ ನೆರಳಿನಲ್ಲೂ ಮಾಸುವುದಿಲ್ಲ. ಸೂಜಿಯ ಮೊನೆಯಿಂದ ಒತ್ತಿದರೆ ಚಿನ್ನ ತಗ್ಗುತ್ತದೆ, ಚಿನ್ನದಂತೆ ಹೊಳೆಯುವ ಪೈರೈಟ್ ಖನಿಜ ಪುಡಿಯಾಗುತ್ತದೆ.

ಉತ್ತರ: ಕಾಯಿಲ್ ಕೈಲಾಸ

ಶಿಲಾಪ್ರಿಯ ಅವರ ವಿವರಣೆ ಸೊಗಸಾಗಿದೆ, ಆದರೆ ಅವರ ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ಡನೊಲಿ, ಟಾರ್ನಗಲ್ಲ, ಮೊಲಿಯಾಗಲ್, ವೆಡರ್‌ಬರ್ನ್ ಸುತ್ತಲಿನ 'ಗೋಲ್ಡನ್ ಟ್ರಯಾಂಗಲ್' ಪ್ರದೇಶ ಒಣನೆಲ. ಅಲ್ಲಿನ ತೊರೆಗಳಲ್ಲಿ ವರ್ಷದ ಬಹುಕಾಲ ನೀರೇ ಇರುವುದಿಲ್ಲ. ಆ ಭಾಗದ ಚಿನ್ನ ಗಟ್ಟಿಗಳ ರೂಪದಲ್ಲಿ ಮೇಲ್ಮಣ್ಣಿಗೆ ಹತ್ತಿರವಿರುವುದು ವಿಶೇಷ. 1869ರ ಫೆಬ್ರುವರಿ 5ರಂದು ಮೊಲಿಯಾಗಲ್‌ನಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಅವರಿಗೆ ಸಿಕ್ಕ 'ವೆಲ್‌ಕಮ್ ಸ್ಟ್ರೇಂಜರ್' ಗಟ್ಟಿ ಒಂದು ಮರದ ಬೇರುಗಳ ಬಳಿ, ನೆಲದಿಂದ ಕೇವಲ ಮೂರು ಸೆಂಟಿಮೀಟರ್ ಕೆಳಗಿತ್ತು. ಡನೊಲಿಯ ಬ್ಯಾಂಕಿನ ತಕ್ಕಡಿಯಲ್ಲಿ ಹಿಡಿಸದ ಕಾರಣ ಅದನ್ನು ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಬೇಕಾಯಿತು. 1980ರಲ್ಲಿ ಕಿಂಗವರ್ ಬಳಿ ಕೆವಿನ್ ಹಿಲಿಯರ್ ಅವರಿಗೆ ಡಿಟೆಕ್ಟರಿನಿಂದಲೇ ಸಿಕ್ಕ 'ಹ್ಯಾಂಡ್ ಆಫ್ ಫೇತ್' ತೂಗಿದ್ದು 27 ಕಿಲೋಗಿಂತ ಹೆಚ್ಚು. ಇಂಥ ಕಥೆಗಳನ್ನು ನಂಬಿ ಸಾಲ ಮಾಡಿ ಯಂತ್ರ ಕೊಳ್ಳಬೇಡಿ. ಆದರೆ ನೆಲದ ಸ್ವಭಾವವೇ ಬೇರೆಯಾದಲ್ಲಿ ಉಪಕರಣವೂ ಬೇರೆಯಾಗಬೇಕು ಎಂಬುದಷ್ಟೇ ನನ್ನ ವಾದ.

ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ವಿಎಲ್‌ಎಫ್ (ಅತಿ ಕಡಿಮೆ ಕಂಪನಾಂಕದ) ಯಂತ್ರ ನಿರಂತರ ಅಲೆಯನ್ನು ಕಳಿಸುತ್ತದೆ, ಅಗ್ಗ, ಸಣ್ಣ ಕಣಗಳನ್ನೂ ಹಿಡಿಯುತ್ತದೆ. ಆದರೆ ಇಲ್ಲಿನ ಕಬ್ಬಿಣದ ಅಂಶ ತುಂಬಿದ ಕೆಂಪುಮಣ್ಣಿನ ಮೇಲೆ ಗೊಂದಲಕ್ಕೊಳಗಾಗಿ ಸುಮ್ಮಸುಮ್ಮನೆ ಕೂಗುತ್ತದೆ. ಪಲ್ಸ್ ಇಂಡಕ್ಷನ್ ಯಂತ್ರ ತನ್ನ ತುದಿಯ ತಂತಿಸುರುಳಿಯಲ್ಲಿ, ಅಂದರೆ ಕಾಯಿಲಿನಲ್ಲಿ, ವಿದ್ಯುತ್ತನ್ನು ಬಿಟ್ಟು ಬಿಟ್ಟು ಹರಿಸಿ, ಪ್ರತಿ ಬಾರಿ ನಿಂತ ಕೂಡಲೇ ಲೋಹದಲ್ಲಿ ಹುಟ್ಟಿದ ಪ್ರವಾಹ ಎಷ್ಟು ಬೇಗ ಕುಂದುತ್ತದೆ ಎಂಬುದನ್ನು ಅಳೆಯುತ್ತದೆ. ಆದ್ದರಿಂದ ಮಣ್ಣಿನ ಸದ್ದನ್ನು ಬಹುಮಟ್ಟಿಗೆ ಬದಿಗಿಟ್ಟು ಆಳಕ್ಕೆ ಇಳಿಯಬಲ್ಲದು. ದಕ್ಷಿಣ ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಕಂಪನಿ 1990ರ ದಶಕದಲ್ಲಿ ಈ ಬಗೆಯ ಯಂತ್ರಗಳನ್ನು ತಂದ ಮೇಲೆ, ಹುಡುಕಿ ಮುಗಿಯಿತೆಂದು ಬಿಟ್ಟಿದ್ದ ಜಾಗಗಳಲ್ಲಿ ಜನ ಮತ್ತೆ ಹುಡುಕತೊಡಗಿದರು.

ಕೊಳ್ಳುವ ಮೊದಲು ಒಂದು ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳಿ. ಕಾಯಿಲನ್ನು ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದು, ಒಂದು ಬೀಸಿನ ಮೇಲೆ ಇನ್ನೊಂದು ಬೀಸು ಬರುವಂತೆ ಬಲು ನಿಧಾನವಾಗಿ ನಡೆಯಿರಿ. ಸದ್ದು ಬಂದಲ್ಲಿ ಅಗೆದ ಮಣ್ಣನ್ನು ಪ್ಲಾಸ್ಟಿಕ್ ಸ್ಕೂಪಿನಲ್ಲಿ ಎತ್ತಿ ಕಾಯಿಲಿನ ಮೇಲೆ ಆಡಿಸಿ. ಕೂಗಿದರೆ ಅರ್ಧ ಮಣ್ಣನ್ನು ಅಂಗೈಗೆ ಸುರಿದು ಉಳಿದರ್ಧವನ್ನು ಪರೀಕ್ಷಿಸಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಕೊನೆಗೆ ಚಿಟಿಕೆ ಮಣ್ಣಿನಲ್ಲಿ ಉಳಿಯುವುದು ಬಹುತೇಕ ಬಂದೂಕಿನ ಸೀಸದ ಗುಂಡು ಅಥವಾ ಬೂಟಿನ ಮೊಳೆ. ಮೊಳೆಯಾದರೆ ಗುದ್ದಲಿಗೆ ಅಂಟಿಸಿದ ಅಯಸ್ಕಾಂತವೇ ಹೇಳಿಬಿಡುತ್ತದೆ. ಸೀಸ ಮತ್ತು ಚಿನ್ನದ ಸದ್ದಿನಲ್ಲಿ ನಂಬಬಹುದಾದ ವ್ಯತ್ಯಾಸವಿಲ್ಲ, ಎಲ್ಲವನ್ನೂ ಅಗೆಯಲೇಬೇಕು.

ಈ ಭಾಗದಲ್ಲಿ ನಡೆಯುವಾಗ ಕಿವಿಗೆ ಹೆಡ್‌ಫೋನ್ ಇದ್ದರೂ ಕಣ್ಣು ಕಾಲ ಮುಂದಿರಲಿ. ಕಾವಲಿಲ್ಲದ ಹಳೆಯ ಗಣಿಬಾವಿಗಳು ಎಲೆಕಸದಡಿ ಮರೆಯಾಗಿರುತ್ತವೆ, ಬೇಸಿಗೆಯಲ್ಲಿ ಕಂದು ಹಾವುಗಳಿರುತ್ತವೆ. ಹಳೆಯ ಗಣಿ ತ್ಯಾಜ್ಯದ ಮಣ್ಣಿನಲ್ಲಿ ಆರ್ಸೆನಿಕ್ ಇರುವ ಸಾಧ್ಯತೆಯಿದೆ, ಕೈ ತೊಳೆಯದೆ ಮಕ್ಕಳಿಗೆ ಬುತ್ತಿ ಬಿಚ್ಚಬೇಡಿ.

ಉತ್ತರ: ಶಿಲಾಪ್ರಿಯ

ಡನೊಲಿಯ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಪ್ರಶ್ನೆ ಕೇಳಿದವರು ಮಕ್ಕಳೊಂದಿಗೆ ಹೋಗುವವರು. ದಿನವಿಡೀ ಸೀಸದ ಗುಂಡು ಹೆಕ್ಕುವ ತಾಳ್ಮೆ ಮಕ್ಕಳಿಗೆ ಇರುವುದಿಲ್ಲ, ನೀರಿನಲ್ಲಿ ಆಡುವ ಉತ್ಸಾಹ ಸಂಜೆಯವರೆಗೂ ಇರುತ್ತದೆ.

ಉತ್ತರ: ಡೋಣಿಹಳ್ಳ, ಗದಗ

ಈ ಚರ್ಚೆ ಓದಿ ನಮ್ಮೂರಿನ ಕೆಲವರು ಡಿಟೆಕ್ಟರ್ ಹಿಡಿದು ಗುಡ್ಡ ಹತ್ತದಿರಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದುದು ನಿಜ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಂಬಳ ಗುಡ್ಡಗಳ ಚಿನ್ನದ ಶಿಲೆಗಳ ಕುರಿತು 1874ರಲ್ಲೇ ಬರೆದಿದ್ದಾರೆ. ಕೋಲಾರದ ಕಡೆ 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಹಳ್ಳಿಗರಿಂದ ಮಣ್ಣು ತೊಳೆಸಿ ಚಿನ್ನವನ್ನು ಕಣ್ಣಾರೆ ಕಂಡರು. ಆದರೆ ಭಾರತದಲ್ಲಿ ವಿಕ್ಟೋರಿಯಾದಂತಹ ಹವ್ಯಾಸಿ ಪರವಾನಗಿ ಎಂಬುದೇ ಇಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಖನಿಜ ಶೋಧಿಸುವುದು ಅಪರಾಧ. ಮೇಲಾಗಿ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಹೂತಿಟ್ಟ ನಾಣ್ಯವೋ ಒಡವೆಯೋ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಾಳುಗುಡಿಗಳ ಗರ್ಭಗುಡಿ ಅಗೆಯುವ ನಿಧಿಗಳ್ಳರ ಕಾಟ ಇಲ್ಲಿ ಸಾಕಷ್ಟಿದೆ. ಕೈಯಲ್ಲಿ ಡಿಟೆಕ್ಟರ್ ಕಂಡರೆ ಊರಿನವರು ನಿಮ್ಮನ್ನೂ ಅದೇ ಗುಂಪಿಗೆ ಸೇರಿಸುತ್ತಾರೆ, ಅವರನ್ನು ದೂರುವಂತಿಲ್ಲ.

ಪ್ರಶ್ನಿಸಿದವರ ಮಾತು: ಯಾರಾದಂಡೆ, ಮೆಲ್ಬರ್ನ್

ಎಲ್ಲರಿಗೂ ಧನ್ಯವಾದಗಳು. ಪರವಾನಗಿ ಮಾಡಿಸಿ, ಎರಡು ಪ್ಯಾನ್ ಮತ್ತು ಒಂದು ಜರಡಿ ಕೊಳ್ಳುತ್ತೇವೆ. ಮಳೆಗಾಲ ಕಳೆದ ಮೇಲೆ ಡನೊಲಿಯ ಕಡೆ ಹೋಗುವಾಗ ಡಿಟೆಕ್ಟರನ್ನು ಬಾಡಿಗೆಗೆ ತರುತ್ತೇನೆ. ತಾಯಿಯವರ ಪ್ರಶ್ನೆ ಮಾತ್ರ ಉಳಿದಿದೆ.

ಉತ್ತರ: ಬೆಂಡಿಗೋ ಕನ್ನಡಿಗ

ಕ್ಷಮಿಸಿ, ಅದನ್ನು ಬಿಟ್ಟೇ ಬಿಟ್ಟಿದ್ದೆ. ವಿದೇಶದಲ್ಲಿ ನೆಲೆಸಿ ಮರಳುವವರಿಗೆ ಭಾರತದ ಕಸ್ಟಮ್ಸ್ ಕೊಡುವ ಸುಂಕ ವಿನಾಯಿತಿ ಒಡವೆಗಳಿಗೆ ಸಂಬಂಧಿಸಿದ್ದು. ಗಟ್ಟಿಯಾಗಲಿ ಕಣವಾಗಲಿ ಕಚ್ಚಾ ಚಿನ್ನ ಆ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ವಿಮಾನ ನಿಲ್ದಾಣದ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ (ರೆಡ್ ಚಾನೆಲ್) ಹೋಗಿ ಘೋಷಿಸಲೇಬೇಕು. ಪ್ಯಾನಿನಲ್ಲಿ ಸಿಗುವ ಕಣಗಳಿಗಾಗಿ ಅಷ್ಟು ಶ್ರಮ ತಕ್ಕುದಲ್ಲ, ಅವನ್ನು ನೀರು ತುಂಬಿದ ಪುಟ್ಟ ಗಾಜಿನ ಸೀಸೆಯಲ್ಲಿ ಮನೆಯಲ್ಲೇ ಇಡಿ, ತಾಯಿಯವರು ಇಲ್ಲಿಗೆ ಬಂದಾಗ ನೋಡಲಿ. ಮುಂದೆಂದಾದರೂ ಗಟ್ಟಿ ಸಿಕ್ಕರೆ ಅಕ್ಕಸಾಲಿಗರ ಮೂಸೆಗೆ ಹಾಕಿಸಬೇಡಿ. ಆಕಾರ ಚೆನ್ನಾಗಿರುವ ಗಟ್ಟಿಗೆ ಸಂಗ್ರಾಹಕರು ಲೋಹದ ಬೆಲೆಗಿಂತ ಹೆಚ್ಚು ಕೊಡುತ್ತಾರೆ, ಕರಗಿಸಿದ ಮೇಲೆ ಸಿಗುವುದು ತೂಕದ ಬೆಲೆ ಮಾತ್ರ.